ಪರದೆ ಹಿಂದಿನ ನಿಟ್ಟುಸಿರು

ಮಾಗಿಯ ಚಳಿ ಇನ್ನೂ ಬಿಟ್ಟಿಲ್ಲ. ಬೀದಿಯ ಮಂಜು ಸಭಾಂಗಣದ ಹಿಂಬಾಗಿಲವರೆಗೂ ಬಂದು, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುವ ನೆಂಟನ ಹಾಗೆ ಹೊಸ್ತಿಲಲ್ಲೇ ನಿಂತಿದೆ. ಹೆಗಲಣ್ಣ ಚಿಲಕ ತೆಗೆದು ಕತ್ತಲಲ್ಲೇ ಉಗ್ರಾಣದ ಮೂಲೆಗೆ ನಡೆಯುತ್ತಾರೆ. ಅಲ್ಲಿ ಹಳೆಯ ಕಂಬಳಿ ಹೊದ್ದು ಪಿಯಾನೊ ನಿಂತಿದೆ. ಅದರ ಬೆನ್ನ ಮೇಲೆ ಅಂಗೈ ಇಡುತ್ತಾರೆ. ಕೊಟ್ಟಿಗೆಗೆ ಹೋದವರು ಮೊದಲು ದನದ ಮೈ ಮುಟ್ಟಿ, ಬಂದದ್ದು ನಾನೇ ಎಂದು ತಿಳಿಸುವುದಿಲ್ಲವೇ, ಹಾಗೆ.

“ಇದನ್ನ ಎಳೀಬಾರದು, ನೂಕಲೂಬಾರದು. ನಡೆಸ್ಬೇಕು,” ಎಂದು ತಮ್ಮ ಬಗ್ಗೆ ಬರೆಯಲು ಬಂದ ಪತ್ರಿಕೆಯವರಿಗೆ ಹೇಳುತ್ತಾರೆ. “ಗಬ್ಬದ ಹಸೂನ ಹಳ್ಳ ದಾಟಿಸಿದ್ದೀರಾ ಯಾವಾಗಾದ್ರೂ? ಅದೇ ಕೆಲಸ. ಅವಸರ ಮಾಡಿದ್ರೆ ಕೆಡ್ತು.”

ಅಷ್ಟರಲ್ಲಿ ಇನ್ನೂ ಮೂವರು ಆಳುಗಳು ಕೈ ಉಜ್ಜಿಕೊಳ್ಳುತ್ತ ಬರುತ್ತಾರೆ. ತೊಗಲಿನ ಪಟ್ಟಿಗಳು ಪಿಯಾನೊದ ಹೊಟ್ಟೆಯಡಿ ಹಾದು ಹೆಗಲಿಗೆ ಏರುತ್ತವೆ. ಉಗ್ರಾಣದಿಂದ ವೇದಿಕೆಗೆ ಒಂದು ಇಕ್ಕಟ್ಟಿನ ಓಣಿ, ಅದರ ಕೊನೆಗೆ ಹಲಗೆ ಹಾಸಿದ ಏರು. ಏರಿನಲ್ಲಿ ಯಾರೂ ಮಾತಾಡುವುದಿಲ್ಲ. ಮೇಲೆ ಹತ್ತಿ, ನೆಲದ ಮೇಲಿನ ಸುಣ್ಣದ ಗುರುತಿಗೆ ಪಿಯಾನೊದ ಕಾಲುಗಳು ಸರಿಯಾಗಿ ಕೂತ ಮೇಲೆ ಮೂವರೂ ಒಟ್ಟಿಗೆ “ಉಸ್ಸಪ್ಪಾ” ಎಂದು ಕುಸಿದು ಕೂರುತ್ತಾರೆ. ಹೆಗಲಣ್ಣ ಮಾತ್ರ ಹಾಗೆ ಮಾಡುವುದಿಲ್ಲ. ಬಾಯಿ ಬಿಗಿದು, ಮೂಗಿನಲ್ಲೇ ಸಣ್ಣಗೆ ಉಸಿರು ಬಿಡುತ್ತಾರೆ.

“ನಮ್ಮ ಅಣ್ಣನಿಗೆ ಸುಸ್ತೇ ಆಗಲ್ಲ. ಒಳಗೆ ಇಂಜಿನ್ ಇಟ್ಕೊಂಡವ್ರೆ,” ಎಂದು ಒಬ್ಬ ಆಳು ನಗುತ್ತಾನೆ. ಹೆಗಲಣ್ಣ ನಗುವುದಿಲ್ಲ. ಪಟ್ಟಿಗಳನ್ನು ಸುರುಳಿ ಸುತ್ತುತ್ತ ಬೇರೆ ಕಡೆ ನೋಡುತ್ತಾರೆ.

ಹುಟ್ಟಿದ್ದು ಹೊಲದ ನಡುವಿನ ಮನೆಯಲ್ಲಿ. ಹತ್ತು ದಾಟುವ ಮೊದಲೇ ಹುಲ್ಲಿನ ಹೊರೆ, ಆಮೇಲೆ ಗಿರಣಿಯ ಮೂಟೆ, ಆಮೇಲೆ ಮನೆ ಬದಲಿಸುವವರ ಬೀರು ಮಂಚ. ಕೊನೆಗೆ ಈ ಸಭಾಂಗಣ. ವಾರಕ್ಕೆ ಮೂರೋ ನಾಲ್ಕೋ ಕಾರ್ಯಕ್ರಮ; ಪ್ರತಿ ಸಲ ಪಿಯಾನೊ ಒಳಗಿಂದ ಹೊರಗೆ, ಹೊರಗಿಂದ ಒಳಗೆ. ಎಡ ಹೆಗಲು ಬಲ ಹೆಗಲಿಗಿಂತ ತಗ್ಗಾಗಿದೆ. “ಇವರ ಅಂಗಿ ಹಗ್ಗದ ಮೇಲೆ ಒಣಹಾಕಿದ್ರೂ ಒಂದ್ಕಡೆ ವಾಲ್ಕೊಂಡೇ ಇರುತ್ತೆ,” ಎಂದು ಅವರ ಮನೆಯಾಕೆ ನೆರೆಯವರ ಮುಂದೆ ಹಾಸ್ಯ ಮಾಡುತ್ತಾರೆ.

ಇವತ್ತು ಸಭಾಂಗಣದಲ್ಲಿ ಗುಡಿಸುವವರಿಂದ ಹಿಡಿದು ಟಿಕೆಟ್ ಕೊಡುವವರವರೆಗೆ ಎಲ್ಲರ ಕೈಗೂ ಚುರುಕು ಬಂದಿದೆ. ಸಂಜೆ ಆ ಹಾಡುಗಾರ್ತಿ ಬರುತ್ತಾರೆ. ತಾವೇ ಬರೆದು, ತಾವೇ ಪಿಯಾನೊ ನುಡಿಸಿ ಹಾಡುವವರು. ಹದಿನೈದು ವರ್ಷದ ಹಿಂದೆ ಇದೇ ವೇದಿಕೆಯ ಮೇಲೆ ಅವರು ಹಾಡಿದ್ದು ಹಾಗೆಯೇ ರೆಕಾರ್ಡ್ ಆಗಿತ್ತು. ಅದರಲ್ಲಿ ಒಂದು ಹಾಡನ್ನು ಜನ ಇವತ್ತಿಗೂ ಎದೆಗೆ ಅವುಚಿಕೊಂಡಿದ್ದಾರೆ. ತೀರಿಹೋದವರೊಬ್ಬರ ಹಾಸಿಗೆಯನ್ನು ಮಡಚಿಡುವ ಹಾಡು ಅದು. ಹೊದಿಕೆ ಕೊಡವಿದ್ದಾಯಿತು, ದಿಂಬು ತಟ್ಟಿದ್ದಾಯಿತು. ಕೊನೆಯ ನುಡಿಗೆ ಮೊದಲು ಆಕೆ ಎರಡೂ ಕೈಗಳನ್ನು ಪಿಯಾನೊದಿಂದ ಎತ್ತಿಬಿಡುತ್ತಾರೆ. ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದ ಒಳಗೆ, ಎಲ್ಲೋ ಹಿಂದಿನಿಂದ, ಯಾರೋ ಒಬ್ಬರು ನಿಟ್ಟುಸಿರು ಬಿಡುತ್ತಾರೆ. ಉದ್ದದ, ಆಳದ, ಹಾಸಿಗೆ ಮಡಚಿದವರು ಮಂಚದ ತುದಿಗೆ ಕೂತು ಬಿಟ್ಟ ಹಾಗಿರುವ ಉಸಿರು.

ರೆಕಾರ್ಡಿಂಗಿನವರು ಅದನ್ನು ಕತ್ತರಿಸಲು ಹೊರಟಾಗ ಹಾಡುಗಾರ್ತಿ, “ಬೇಡ, ಇರಲಿ,” ಎಂದರಂತೆ. ಅದು ಉಳಿಯಿತು. ಗಂಡನನ್ನು ಕಳೆದುಕೊಂಡವರು, ತಾಯಿಯನ್ನು ಕಳೆದುಕೊಂಡವರು ಹಾಡಿಗಿಂತ ಹೆಚ್ಚಾಗಿ ಆ ಉಸಿರಿಗೆ ಕಾದು ಕೂರುವಂತಾಯಿತು. ಈಗ ಆಕೆ ಎಲ್ಲೇ ಹಾಡಲಿ, ಆ ಜಾಗ ಬಂದಾಗ ಇಡೀ ಸಭೆ ಒಟ್ಟಿಗೆ ಉಸಿರು ಬಿಡುತ್ತದೆ. ಆಕೆ ಕೈ ಎತ್ತಿಕೊಂಡು, ಅದು ಮುಗಿಯುವವರೆಗೂ ಕಾಯುತ್ತಾರೆ.

ಆ ಉಸಿರು ಬಿಟ್ಟವನು ಹೆಗಲಣ್ಣನ ಬಾಮೈದ ಎಂದೇ ಎಲ್ಲರಿಗೂ ಗೊತ್ತು. ಹೆಂಡತಿಯ ತಮ್ಮ. ಬಸ್ ನಿಲ್ದಾಣದ ಪಕ್ಕ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಆ ಕಾಲಕ್ಕೆ ಅವನೂ ಇಲ್ಲೇ ಕೆಲಸಕ್ಕಿದ್ದ. ಆ ಹಾಡನ್ನು ಹತ್ತಿರದಿಂದ ಕೇಳಿದವರೆಂದು ಹೆಗಲಣ್ಣನನ್ನು ಮಾತಿಗೆಳೆದರೆ, ಅವರು ವೇದಿಕೆಯ ಅಂಚಿಗೆ ಕೂತು ಬಹಳ ಹೊತ್ತು ತಮ್ಮ ಬೂಟಿನ ದಾರವನ್ನೇ ಬಿಚ್ಚಿ ಕಟ್ಟುತ್ತಾರೆ.

“ಅದು ಅವನಲ್ಲ. ನಾನು,” ಎನ್ನುತ್ತಾರೆ ಕೊನೆಗೆ.

ಮಾತು ಒಂದು ಸಲ ಹೊರಬಿದ್ದ ಮೇಲೆ ನಿಲ್ಲುವುದಿಲ್ಲ. “ಅವತ್ತು ಬೆಳಿಗ್ಗೆ ನನ್ನ ಬೂಟಿನ ತಳ ಬಾಯಿಬಿಟ್ಟಿತ್ತು. ವೇದಿಕೆ ಮೇಲೆ ಬರಿಗಾಲಲ್ಲಿ ಓಡಾಡೋ ಹಾಗಿಲ್ಲ, ರೂಲು. ಬಾಮೈದ ತನ್ನ ಹೊಸ ಬೂಟು ಬಿಚ್ಚಿಕೊಟ್ಟ. ‘ಹಾಕ್ಕೊಳ್ಳಿ ಭಾವ, ನನಗೆ ಹಳೇದೇ ಸಾಕು’ ಅಂದ. ಅವನ ಕಾಲು ಹೂವಿನಂಥದ್ದು, ನಂದು ನೇಗಿಲು. ಇಡೀ ದಿನ ಕಚ್ಚಿದ್ದೇ ಕಚ್ಚಿದ್ದು. ಸಂಜೆ ಪರದೆ ಹಿಂದೆ ಇಬ್ಬರೂ ಕೂತಿದ್ವಿ. ಅವನು ಬೆಳಗ್ಗೆಯಿಂದ ಕುರ್ಚಿ ಹೊತ್ತು ಹೊತ್ತು ಸಾಕಾಗಿ, ಪೆಟ್ಟಿಗೆ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದ. ನಾನು ಮೆಲ್ಲಗೆ ಬೂಟು ಕಳಚಿದೆ ನೋಡಿ... ಬಂದುಬಿಡ್ತು. ಹಾಡು ಅಲ್ಲಿ ನಿಂತಿರೋದೂ ನನಗೆ ತಿಳೀಲಿಲ್ಲ.”

ಹಾಡು ಮುಗಿದದ್ದೇ ತಡ, ಮ್ಯಾನೇಜರ್ ಪರದೆ ಹಿಂದೆ ಬಂದರು. ಪೆಟ್ಟಿಗೆಯ ಮೇಲೆ ನಿದ್ದೆ ಮಾಡುತ್ತಿದ್ದವನನ್ನು ಕಂಡ ಮೇಲೆ ಅವರಿಗೆ ಬೇರೆ ವಿಚಾರಣೆ ಬೇಕಾಗಲಿಲ್ಲ. ರೆಕಾರ್ಡಿಂಗ್ ಹಾಳು ಮಾಡಿದೆಯಲ್ಲೋ ಎಂದು ಭುಜ ಹಿಡಿದು ಎಬ್ಬಿಸಿದರು. ಕಣ್ಣುಜ್ಜಿಕೊಂಡು ಎದ್ದ ಬಾಮೈದ, “ನಿದ್ದೇಲಿ ಬಿಟ್ಟಿರಬೇಕು ಸಾರ್. ತಪ್ಪಾಯ್ತು,” ಎಂದ. ನಾಳೆಯಿಂದ ಬರಬೇಡ ಎಂದದ್ದನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡ.

“ನಾನು ಅವನ ಬೂಟು ಕೈಯಲ್ಲಿ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಅಂದಿದ್ರೆ ಮುಗೀತಿತ್ತು. ಮನೇಲಿ ಕೈಗೂಸಿದೆ, ಕೆಲಸ ಹೋದ್ರೆ ಹೇಗೆ ಅಂತ ನನಗೆ ನಾನೇ ಹೇಳ್ಕೊಂಡೆ.” ಹೆಗಲಣ್ಣ ಬೂಟಿನ ದಾರವನ್ನು ಮತ್ತೆ ಬಿಗಿಯುತ್ತಾರೆ. “ಕೈಗೂಸು ಅವನ ಮನೇಲೂ ಇತ್ತು.”

ಬಾಮೈದ ಎರಡು ವರ್ಷ ಸಿಕ್ಕ ಸಿಕ್ಕ ಕೆಲಸ ಮಾಡಿದ. ನಾಚಿಕೆಯಿಂದ ಅಕ್ಕನ ಮನೆಗೂ ಬರುವುದನ್ನು ಬಿಟ್ಟ. ಅಷ್ಟರಲ್ಲಿ ಹಾಡು ಊರೂರಿಗೆ ಹಬ್ಬಿ, ಆ ಉಸಿರು ಯಾರದೆಂದು ಜನ ಕೇಳತೊಡಗಿದರು. ಮ್ಯಾನೇಜರ್ ಈಗ ಹೆಮ್ಮೆಯಿಂದ ಅವನ ಅಂಗಡಿಯ ದಾರಿ ತೋರಿಸಿದರು. ದೂರದಿಂದ ಬಂದವರು ಅವನ ಗ್ರೀಸು ಮೆತ್ತಿದ ಕೈ ಹಿಡಿದು ಅತ್ತರು. “ಟ್ಯೂಬಿಗೂ ಇವನೇ ಉಸಿರು ತುಂಬ್ತಾನೆ, ಜನಕ್ಕೂ ಇವನೇ ತುಂಬ್ತಾನೆ,” ಎಂದು ಪಕ್ಕದ ಹಣ್ಣಿನ ಅಂಗಡಿಯವಳು ಇವತ್ತಿಗೂ ಚುಡಾಯಿಸುತ್ತಾಳೆ. ತಲೆ ತಗ್ಗಿಸಿ ನಡೆಯುತ್ತಿದ್ದವನು ತಲೆ ಎತ್ತಿದ.

ಹೆಗಲಣ್ಣನ ಬಾಯಿಗೆ ಎರಡನೇ ಬೀಗ ಬಿದ್ದದ್ದು ಆಗ. “ಮೊದಲು ಹೇಳೋಕೆ ಹೆದರಿಕೆ ಆಗಿತ್ತು. ಆಮೇಲೆ ಹೇಳಿದ್ರೆ ಅವನ ಕೈಯಿಂದ ಕಿತ್ಕೊಂಡ ಹಾಗೆ. ಏನು ಮಾಡಿದ್ರೂ ಕಳ್ಳ ನಾನೇ.” ಮನೆಯಲ್ಲಿ ದಣಿದು ಕೂತಾಗಲೂ ಬಾಯಿಬಿಟ್ಟು ಉಸಿರು ಬಿಟ್ಟವರಲ್ಲ. ಆ ಹಾಡು ಕೇಳಿದ ಹೆಂಡತಿ ಎಲ್ಲಿ ಗುರುತು ಹಿಡಿದುಬಿಡುತ್ತಾಳೋ ಎಂಬ ಅಳುಕು. ತಮ್ಮನ ಬೂಟು ಯಾಕೆ ವಾಪಸು ಕೊಟ್ಟಿಲ್ಲ ಎಂದು ಆಕೆ ಕೇಳಿದಾಗಲೆಲ್ಲ, “ಕೊಡೋಣ ಬಿಡು,” ಎಂದದ್ದೇ ಉತ್ತರ.

ಇಷ್ಟು ಹೇಳಿದವರು ಎದ್ದು ನಿಂತು ಒಂದು ಮಾತು ಕೇಳಿಕೊಳ್ಳುತ್ತಾರೆ: “ಬರೀರಿ, ಬೇಡ ಅನ್ನಲ್ಲ. ಆದರೆ ಅವನು ಪೇಪರಿನಲ್ಲಿ ಓದಿ ತಿಳ್ಕೋಬಾರದು. ಮೊದಲು ನಾನು ಹೋಗಿ ಹೇಳ್ಬೇಕು. ಅವನು ಬೇಡ ಅಂದ್ರೆ ಬರೀಬಾರದು.”

ಮನೆಗೆ ಹೋಗಿ, ಮಂಚದಡಿಯಿಂದ ಬೂಟು ತೆಗೆಯುತ್ತಾರೆ. ಹೊಸದರ ಹಾಗೇ ಇದೆ. ತಿಂಗಳಿಗೊಮ್ಮೆ ಕದ್ದು ಪಾಲಿಶ್ ಹಾಕುತ್ತ ಬಂದಿದ್ದಾರೆ. ಬಾಗಿಲಲ್ಲಿ ನಿಂತ ಮನೆಯಾಕೆಗೆ ನಾಲ್ಕು ಮಾತಿನಲ್ಲಿ ವಿಷಯ ತಿಳಿಸುತ್ತಾರೆ. ಆಕೆ ಬಯ್ಯುವುದಿಲ್ಲ. “ಅಯ್ಯೋ, ನಿಮಗೆ ಆಯಾಸಾನೇ ಆಗಲ್ಲ ಅಂದ್ಕೊಂಡಿದ್ದೆನಲ್ರೀ ಇಷ್ಟು ವರ್ಷ,” ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ. ಒಳಗಿನಿಂದ ಪಾತ್ರೆ ಜೋರಾಗಿ ಇಟ್ಟ ಸದ್ದು ಕೇಳಿಸುತ್ತದೆ.

ಸೈಕಲ್ ಅಂಗಡಿಯಲ್ಲಿ ಬಾಮೈದ ಒಂದು ಚಕ್ರದ ಕಡ್ಡಿ ಬಿಗಿಯುತ್ತಿದ್ದಾನೆ. “ಬನ್ನಿ ಭಾವ, ಏನು ಅಪರೂಪ?” ಎಂದು ಸ್ಟೂಲು ಒರೆಸಿ ಕೊಡುತ್ತಾನೆ. ಹೆಗಲಣ್ಣ ಕೂರುವುದಿಲ್ಲ. ನಿಂತೇ, ಬೂಟಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲವನ್ನೂ ಹೇಳುತ್ತಾರೆ. ಬಾಮೈದ ಚಕ್ರ ತಿರುಗಿಸುವುದನ್ನು ನಿಲ್ಲಿಸುವುದಿಲ್ಲ. ಹೇಳಿ ಮುಗಿದ ಮೇಲೂ ಚಕ್ರ ತಿರುಗುತ್ತಲೇ ಇದೆ.

ಆ ಹೊತ್ತಿಗೆ ಸರಿಯಾಗಿ ವಯಸ್ಸಾದ ಹೆಂಗಸೊಬ್ಬರು ಅಂಗಡಿಯ ಮುಂದೆ ನಿಲ್ಲುತ್ತಾರೆ. ಸಂಜೆಯ ಕಾರ್ಯಕ್ರಮಕ್ಕೆಂದು ದೂರದಿಂದ ಬಂದವರು. “ಆ ಹಾಡಲ್ಲಿ ಉಸಿರು ಬಿಟ್ಟೋನು ನೀನೇನಪ್ಪಾ? ನಮ್ಮವರು ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ಕೂತಾಗ ಥೇಟ್ ಹಾಗೇ ಬಿಡ್ತಿದ್ರು. ಅವರು ಹೋಗಿ ಆರು ವರ್ಷ ಆಯ್ತು. ದಿನಾ ಕೇಳ್ತೀನಿ,” ಎನ್ನುತ್ತಾರೆ.

ಬಾಮೈದ ಚಕ್ರವನ್ನು ಕೈಯಿಟ್ಟು ನಿಲ್ಲಿಸುತ್ತಾನೆ. ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾನೆ, ಎಂದಿನಂತೆ ಮುಂದೆ ಚಾಚಲೆಂದೇ. ಆದರೆ ಚಾಚುವುದಿಲ್ಲ.

“ನಾನಲ್ಲಮ್ಮ. ಇವರು. ನಮ್ಮ ಭಾವ.”

ಆಕೆ ತಿರುಗಿ ಹೆಗಲಣ್ಣನ ಕೈ ಹಿಡಿದುಕೊಳ್ಳುತ್ತಾರೆ. “ಆ ಹೊತ್ತಿಗೆ ಯಾರನ್ನ ನೆನೆಸ್ಕೊಂಡ್ಯಪ್ಪಾ?”

ಎಷ್ಟೋ ಜನ ಕೇಳಿದ ಪ್ರಶ್ನೆ. ಬಾಮೈದನ ಬಳಿ ಅದಕ್ಕೆ ಒಳ್ಳೆಯ ಉತ್ತರವೂ ಇತ್ತು, ಸತ್ತ ತಂದೆಯ ಕನಸು ಬಿದ್ದಿತ್ತು ಎಂದು ಹೇಳುತ್ತಿದ್ದ. ಹೆಗಲಣ್ಣನ ಮುಖ ಕಿವಿಯವರೆಗೂ ಕೆಂಪಾಗುತ್ತದೆ. ನೆಲ ನೋಡುತ್ತಾರೆ. “ಯಾರನ್ನೂ ಇಲ್ಲ ತಾಯಿ. ಬೂಟು ಕಚ್ತಿತ್ತು. ಬಿಚ್ಚಿದೆ.”

ಹೆಂಗಸು ಅವರ ಕೈ ಬಿಡುವುದಿಲ್ಲ. “ಮತ್ತೆ ನಮ್ಮವರು ಇನ್ಯಾತಕ್ಕೆ ಬಿಡ್ತಿದ್ರು? ಅವರೂ ಚಪ್ಪಲಿ ಬಿಚ್ಚಿದ ಮೇಲೇ ಬಿಡ್ತಿದ್ದದ್ದು,” ಎಂದು ನಗುತ್ತಲೇ ಕಣ್ಣೊರೆಸಿಕೊಂಡು, ಸಭಾಂಗಣದ ಕಡೆ ಹೆಜ್ಜೆ ಹಾಕುತ್ತಾರೆ.

ಅಂಗಡಿಯಲ್ಲಿ ಇಬ್ಬರೇ ಉಳಿಯುತ್ತಾರೆ.

“ಅವತ್ತು ನೀವು ಹೇಳಲಿಲ್ಲ, ಕೆಲಸ ಹೋಯ್ತು. ಇವತ್ತು ಹೇಳಿದ್ರಿ, ಇದೂ ಹೋಯ್ತು,” ಎನ್ನುತ್ತಾನೆ ಬಾಮೈದ. ದನಿ ಏರಿಸುವುದಿಲ್ಲ, ‘ನೀವು’ ಎನ್ನುವುದನ್ನೂ ಬಿಡುವುದಿಲ್ಲ. ಅದೇ ಹೆಗಲಣ್ಣನಿಗೆ ಹೆಚ್ಚು ಚುಚ್ಚುತ್ತದೆ. “ಎರಡು ಸಲಾನೂ ನಂದೇ ಹೋಯ್ತಲ್ಲ ಭಾವ.”

“ಪೇಪರಿನವರಿಗೆ ಬೇಡ ಅಂತೀನಿ. ನೀನು ಹೂಂ ಅನ್ನು ಸಾಕು.”

“ಬೇಡ, ಬರೀಲಿ. ನಿಜ ತಾನೇ? ಈಗ ಗೊತ್ತಾದ ಮೇಲೆ ನಾನು ಯಾವ ಮುಖ ಇಟ್ಕೊಂಡು ಕೈ ಚಾಚಲಿ?”

ಹೆಗಲಣ್ಣ ಚೀಲವನ್ನು ಮುಂದೆ ನೀಡುತ್ತಾರೆ. ಬಾಮೈದ ಅದರ ಬಾಯಿ ತೆರೆದು ಒಳಗೆ ಇಣುಕುತ್ತಾನೆ. ಬೂಟಿನ ಹೊಳಪು ಕಂಡು ಅವನ ಮುಖದಲ್ಲಿ ಏನೋ ಒಂದು ಸಡಿಲವಾಗುತ್ತದೆ, ಮತ್ತೆ ಬಿಗಿಯುತ್ತದೆ. ಚೀಲದ ಬಾಯಿ ಮಡಚಿ, ಭಾವನ ತಗ್ಗಿದ ಎಡ ಹೆಗಲಿಗೇ ಅದನ್ನು ತೂಗುಹಾಕುತ್ತಾನೆ.

“ಇವು ನಿಮ್ಮ ಹತ್ರಾನೇ ಇರಲಿ ಭಾವ. ಈಗ ಇಸ್ಕೊಂಡುಬಿಟ್ರೆ ನಿಮಗೆ ಹಗುರ ಆಗಿಬಿಡುತ್ತೆ,” ಎನ್ನುತ್ತಾನೆ. “ಹೊತ್ಕೊಂಡಿರಿ. ನನಗೆ ಬೇಕು ಅನ್ನಿಸಿದ ದಿನ ನಾನೇ ಮನೆಗೆ ಬಂದು ತಗೊಂಡು ಹೋಗ್ತೀನಿ. ಅಕ್ಕನಿಗೆ ಹೇಳಿ.”

ಸಂಜೆ ಸಭಾಂಗಣ ತುಂಬುತ್ತದೆ. ಹಾಡುಗಾರ್ತಿ ಕೈ ಎತ್ತಿದಾಗ ನೂರಾರು ಎದೆಗಳಿಂದ ಒಂದೇ ಉಸಿರು ಹೊರಡುತ್ತದೆ. ಪರದೆಯ ಹಿಂದೆ, ಪೆಟ್ಟಿಗೆಯ ಪಕ್ಕದಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡೇ ಹೆಗಲಣ್ಣ ನಿಂತಿದ್ದಾರೆ. ಪೆಟ್ಟಿಗೆಯ ಮೇಲೆ ಕೂರಲು ಅವರಿಗೆ ಮನಸ್ಸಾಗಿಲ್ಲ.

“ಮುಂದಿನ ತಿಂಗಳೂ ಪಾಲಿಶ್ ಹಾಕ್ಬೇಕು,” ಎನ್ನುತ್ತಾರೆ. “ಅವನು ಬರೋ ಹೊತ್ತಿಗೆ ತೊಗಲು ಬಿರುಕು ಬಿಟ್ಟಿರಬಾರದು.”