ಕೆರೆ ದಂಡೆಯ ಕ್ಲಿಪ್

ದೆವ್ವ, ಗಾಳಿ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥ ಮಾತು ಎತ್ತಿದವರ ಮುಖಕ್ಕೇ ನಗುತ್ತಿದ್ದವಳು ನಾನು. ಬೆಳಗಾವಿ ಹಿಂದವಾಡಿಯ ನಮ್ಮ ಮನೆಗೆ ಬರುತ್ತಿದ್ದ ದೊಡ್ಡವ್ವ ಇಂಥ ಕಥೆ ಶುರು ಮಾಡಿದರೆ ಸಾಕು, ಟೈಮ್ ಎಷ್ಟಾಗಿತ್ತು, ಲೈಟ್ ಇತ್ತೋ ಇಲ್ಲವೋ, ಅವತ್ತು ಏನು ಉಂಡಿದ್ದಿ ಎಂದು ಪೊಲೀಸರ ಹಾಗೆ ಕೇಳಿ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನದೇ ಒಂದನ್ನು ಹೇಳಲು ಕೂತಿದ್ದೇನೆ. ಇದರಲ್ಲಿ ರಾತ್ರಿಯಿಲ್ಲ, ಕತ್ತಲಿಲ್ಲ. ಮಟಮಟ ಮಧ್ಯಾಹ್ನ ನಡೆದದ್ದು. ನಂಬಿ ಎಂದು ಕೇಳುವುದಿಲ್ಲ. ಓದಿದ ಮೇಲೆ ಒಂದು ಮಾತು ಮಾತ್ರ ಹೇಳಬೇಡಿ: ಮೈಕನ್ನು ಅಲ್ಲೇ ಮರೆತು ಬಂದಿರಬೇಕು ಎಂದು. ಅದನ್ನು ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ.

ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ಕೊನೆಯ ವರ್ಷ ಇಬ್ಬಿಬ್ಬರು ಸೇರಿ ಹದಿನೈದು ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಬೇಕಿತ್ತು. ನನ್ನ ಪಾಲಿಗೆ ಬಂದವನು ಮಹಾಂತೇಶ. ಅವನ ಸೋದರಮಾವನದು ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ. ಕ್ಯಾಮೆರಾ ಅಲ್ಲಿಂದ ಬರುತ್ತಿತ್ತು, ಹಾಗಾಗಿ ನಿರ್ದೇಶಕನೂ ಅವನೇ, ಕ್ಯಾಮೆರಾಮನ್ನೂ ಅವನೇ. "ನಿನಗ ವಜ್ಜಿ ಆಗತೈತಿ" ಎಂದು ನನಗೆ ಕ್ಯಾಮೆರಾ ಕೊಡುತ್ತಿರಲಿಲ್ಲ. ಅದಕ್ಕಿಂತ ಎರಡು ಪಟ್ಟು ಭಾರವಿದ್ದ ಟ್ರೈಪಾಡ್ ಹೊರಲು ಮಾತ್ರ ನಾನು ಬೇಕು. ಇದನ್ನು ಬರೆಯುವಾಗಲೂ ಹಲ್ಲು ಕಡಿಯುತ್ತೇನೆ.

ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ ಈರಪ್ಪಜ್ಜ ಎಂಬ ಕುಂಬಾರರಿದ್ದರು. ಎಂಬತ್ತು ದಾಟಿತ್ತು. ಮನೆಯಲ್ಲಿ ಅವರು ಮತ್ತು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಮಗಳು ಗೌರವ್ವ, ಇಬ್ಬರೇ. ನಾವು ಹೋದ ಎರಡೂ ಸಲ ಆಕೆ ಹೊಲದ ಕೆಲಸಕ್ಕೆ ಹೋಗಿದ್ದರು, ಹಾಗಾಗಿ ನಮಗೆ ಅವರ ಮುಖ ಗೊತ್ತಿರಲಿಲ್ಲ. ಮೊದಲ ಶನಿವಾರ ಮಹಾಂತೇಶ ಅಜ್ಜನ ಕೈಗಳ ಶಾಟ್ ತೆಗೆದ. ತಿಗರಿ ತಿರುಗುವುದು, ಮಣ್ಣು ಮೇಲೇಳುವುದು, ಕೊಡದ ಕಂಠ ಮೂಡುವುದು. ಚೆನ್ನಾಗಿಯೇ ತೆಗೆದಿದ್ದ, ಸುಳ್ಳು ಹೇಳಬಾರದು. ಆದರೆ ತಿಗರಿಯ ಮುಂದೆ ಕೂತರೆ ಅಜ್ಜ ಬಾಯಿ ಬಿಡುತ್ತಿರಲಿಲ್ಲ. ಮಾತಿಗೆ ಇನ್ನೊಂದು ಶನಿವಾರ ಹೋಗಬೇಕಾಯಿತು. ಆ ಸಲ ನಾನು ಬಸ್‌ಸ್ಟ್ಯಾಂಡಿನಲ್ಲೇ ಜಗಳ ತೆಗೆದೆ. ಇವತ್ತು ಕ್ಯಾಮೆರಾ ನನ್ನ ಕೈಗೆ ಬರದಿದ್ದರೆ ಬಸ್ಸು ಹತ್ತುವುದಿಲ್ಲ ಎಂದೆ. ಕೊಟ್ಟ. ಜೊತೆಗೆ ಒಂದು ಉಪದೇಶವನ್ನೂ ಕೊಟ್ಟ. ರೆಕಾರ್ಡ್ ಆಗುವಾಗ ಮುಂದೆ ಹತ್ತುವ ಕೆಂಪು ದೀಪವನ್ನೇ ಜನ ನೋಡುತ್ತಾರೆ, ಅದಕ್ಕೆ ಟೇಪು ಅಂಟಿಸು ಎಂದ. ಅಂಟಿಸಿದೆ.

ಅಂಗಳದ ಬಿಸಿಲಿನಲ್ಲಿ ಅಜ್ಜನನ್ನು ಕೂರಿಸಿ, ಅಂಗಿಗೆ ಕಾಲರ್ ಮೈಕ್ ಸಿಕ್ಕಿಸಿ, ಅದರ ವೈರನ್ನು ಕ್ಯಾಮೆರಾಕ್ಕೆ ಚುಚ್ಚಿದೆ. ನಡುವೆ ರಿಂಗಾಗಬಾರದೆಂದು ಇಬ್ಬರ ಮೊಬೈಲನ್ನೂ ನಾನೇ ಬಂದ್ ಮಾಡಿಸಿದೆ. ಅಜ್ಜ ಮೂರು ಕಂತಿನಲ್ಲಿ ಒಂದು ತಾಸಿಗೂ ಹೆಚ್ಚು ಮಾತಾಡಿದರು. ಓರಗೆಯ ಹುಡುಗರು ಶಾಲೆಗೆ ಹೋಗುವಾಗ ತಾವು ಮೊಣಕಾಲುದ್ದ ಮಣ್ಣು ತುಳಿದದ್ದು, ಒಮ್ಮೆ ಆವಿಗೆಯಲ್ಲಿ ಸುಡಲಿಟ್ಟ ಮಡಕೆಯೆಲ್ಲ ಒಡೆದುಹೋಗಿ ಮೂರು ದಿನ ಅಪ್ಪ ಮಾತು ಬಿಟ್ಟದ್ದು. ಅಂಥ ಮಾತು ನಾನು ಆಮೇಲೆ ಯಾರ ಬಾಯಲ್ಲೂ ಕೇಳಿಲ್ಲ.

ಆ ಮಾತಿನಲ್ಲಿ ಒಂದಕ್ಷರವೂ ರೆಕಾರ್ಡ್ ಆಗಿರಲಿಲ್ಲ. ಹೊಸದಾಗಿ ಕ್ಯಾಮೆರಾ ಹಿಡಿದವರು ಮಾಡುವ ತಪ್ಪು ಇದು. ಟ್ರೈಪಾಡಿಗೆ ಕೂರಿಸುವಾಗ ಗೊತ್ತಿಲ್ಲದೆ ಗುಂಡಿ ಒತ್ತಿ ಹೋಗಿ ರೆಕಾರ್ಡಿಂಗ್ ಶುರುವಾಗಿರುತ್ತದೆ. ನಾವು ಶುರು ಮಾಡುತ್ತೇವೆಂದು ಒತ್ತಿದಾಗ ನಿಲ್ಲುತ್ತದೆ, ನಿಲ್ಲಿಸುತ್ತೇವೆಂದು ಒತ್ತಿದಾಗ ಶುರುವಾಗುತ್ತದೆ. ಇಡೀ ದಿನ ಉಲ್ಟಾ. ಬಿಸಿಲಿಗೆ ಪರದೆಯ ಮೇಲಿನ ಗುರುತು ಕಾಣುತ್ತಿರಲಿಲ್ಲ, ಮುಂದಿನ ದೀಪಕ್ಕೆ ಟೇಪು. ಸಂಜೆ ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ನೆಲ, ನನ್ನ ಚಪ್ಪಲಿ, ಚಹಾದ ಲೋಟ, ಮತ್ತೆ ನೆಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಮಾತಿಗಾಗಿ ಹೇಳುತ್ತಿಲ್ಲ, ನಿಜವಾಗಿ ಹೊಡೆದುಕೊಂಡೆ.

ಮುಂದಿನ ಶನಿವಾರ ಮತ್ತೆ ಹೋಗಿ ಕಾಲು ಹಿಡಿದಾದರೂ ಮಾತಾಡಿಸೋಣ ಎಂದುಕೊಂಡೆವು. ಗುರುವಾರ ಗೌರವ್ವ ಮಹಾಂತೇಶನಿಗೆ ಫೋನ್ ಮಾಡಿದರು. ಅಜ್ಜ ತೀರಿಕೊಂಡು ಎರಡು ದಿನವಾಗಿತ್ತು. ಬಾಜು ಮನೆಯವರಿಂದ ನಮ್ಮ ನಂಬರು ತೆಗೆದುಕೊಂಡಿದ್ದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ಅಪ್ಪಂದು ಒಂದು ಫೋಟೋ ಐತ್ರಿ. ದನಿ ಎಲ್ಲೂ ಇಲ್ಲ. ನಿಮ್ಮ ಕಡೆ ಐತೆಲ್ರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಇವನು, "ಐತ್ರಿ ಅಕ್ಕಾರ, ಪೂರಾ ಐತಿ. ಸಿನಿಮಾ ಆದ ಮ್ಯಾಲ ಕೊಡ್ತೇವ್ರಿ" ಎಂದುಬಿಟ್ಟ.

ಅವತ್ತಿನಿಂದ ನಾನು ಆ ಹಾಳು ಕ್ಲಿಪ್ಪುಗಳನ್ನು ಒಂದೊಂದಾಗಿ ಜಾಲಾಡಿದೆ. ಆಕೆಗೆ ಕೊಡಲು ಒಂದು ವಾಕ್ಯವಾದರೂ ಸಿಗಬೇಕಿತ್ತು. ಅಂಗಳದ ಕ್ಲಿಪ್ಪುಗಳಲ್ಲಿ ಸಿಕ್ಕಿದ್ದು ಎರಡು ಕೆಮ್ಮು, ಮತ್ತು ಮಾತಿನ ನಡುವೆ ನಿಲ್ಲಿಸಿದಾಗ ಅಜ್ಜ ನನ್ನನ್ನು ಕೇಳಿದ "ಆತೇನ, ತಂಗಿ?" ಅಷ್ಟೇ.

ಕೊನೆಯ ಕ್ಲಿಪ್ ಕೆರೆಯದು. ಅಜ್ಜನನ್ನು ಮನೆಯಲ್ಲಿ ಬಿಟ್ಟು, ಅವರು ಮಣ್ಣು ತರುತ್ತಿದ್ದ ಕೆರೆಯ ಶಾಟ್ ತೆಗೆಯಲು ನಾವಿಬ್ಬರೂ ಎರಡು ಕಿಲೋಮೀಟರು ನಡೆದು ಹೋಗಿದ್ದೆವು. ಕಾಲರ್ ಮೈಕನ್ನು ಸುತ್ತಿ ನನ್ನ ಚೀಲದಲ್ಲಿ ಹಾಕಿಕೊಂಡಿದ್ದೆ, ಅದು ವೈರಿನ ಮೈಕು. ಅಲ್ಲೂ ಉಲ್ಟಾ. ಒಂದು ಶಾಟ್ ಮುಗಿಯಿತೆಂದು ಗುಂಡಿ ಒತ್ತಿ, ಕ್ಯಾಮೆರಾ ಕೈಯಲ್ಲಿ ಜೋತುಬಿಟ್ಟು, ದಂಡೆಯ ಮೇಲೆ ನಾಲ್ಕು ನಿಮಿಷ ನಡೆದಿದ್ದೇನೆ. ಚಿತ್ರದಲ್ಲಿ ಒಣಹುಲ್ಲು, ನನ್ನ ಕಾಲು. ಶಬ್ದದಲ್ಲಿ ಗಾಳಿ, ಕಾಗೆ, ದೂರದಲ್ಲಿ ಖಾನಾಪುರ ಬಸ್ಸಿನ ಹಾರ್ನ್. ಹಾರ್ನ್ ನಿಂತ ಮೇಲೆ ಈರಪ್ಪಜ್ಜನ ದನಿ.

ನನ್ನ ಪಕ್ಕದಲ್ಲೇ ಕೂತು ಮಾತಾಡಿದಂತಿತ್ತು. ಗಾಳಿಯ ಸದ್ದು ಅದರ ಮೇಲೆ ಬರುತ್ತಲೇ ಇರಲಿಲ್ಲ. "ಮಜ್ಜಿಗಿ ಭಾಳ ಹಾಕೀದಿ." ಆಮೇಲೆ ಸುಮ್ಮನೆ. "ಹೊಟ್ಟಿ ತುಂಬೇತಿ ಅಂದ್ನೆಲ್ಲ." ಮತ್ತೆ ಸುಮ್ಮನೆ. "ಆ ಸೀಳಿದ ಕೊಡ ಒಗೀಬ್ಯಾಡ. ನಿಮ್ಮವ್ವ ಬಡದದ್ದದು." ದೊಡ್ಡ ಕೊಡ ಅರ್ಧ ತಿಗರಿಯ ಮೇಲಾದರೆ ಉಳಿದರ್ಧ ಮನೆಯ ಹೆಂಗಸರು ಹಲಗೆಯಿಂದ ಬಡಿದು ಬಡಿದು ಮಾಡುವುದು, ಅದನ್ನು ಅವತ್ತು ಬೆಳಿಗ್ಗೆ ಅಜ್ಜನೇ ಹೇಳಿದ್ದರು. ಮತ್ತೆ ಒಂದು ಖಾಲಿ ಜಾಗ. "ಯಾಕ ಅಳ್ತಿ?" ಇನ್ನೊಂದು ಖಾಲಿ ಜಾಗ. "ಇಲ್ಲೇ ಅದೀನೆಲ್ಲ." ಅಲ್ಲಿಗೆ ಮುಗಿಯಿತು. ಮತ್ತೆ ಗಾಳಿ, ಕಾಗೆ.

ನಾನು ಹೆದರಲಿಲ್ಲ. ಮೊದಲು ಬಂದದ್ದು ಸಿಟ್ಟು. ಎಲ್ಲೋ ಫೈಲುಗಳು ಕಲೆಸಿವೆ, ಇದೂ ನನ್ನದೇ ಹೊಲಸು ಕೆಲಸ ಎಂದುಕೊಂಡೆ. ಆದರೆ ಅಜ್ಜ ಈ ಮಾತು ನಮ್ಮ ಮುಂದೆ ಆಡಿಯೇ ಇರಲಿಲ್ಲ. ಆಮೇಲೆ ನೆನಪಾಯಿತು, ಕೆರೆಯ ಹತ್ತಿರ ಮಹಾಂತೇಶ ಮೊಬೈಲ್ ಚಾಲೂ ಮಾಡಿ ತನ್ನದೇ ಸೆಲ್ಫಿ ವಿಡಿಯೊ ತೆಗೆದುಕೊಂಡಿದ್ದ, ಮೇಕಿಂಗ್ ಎಂದು. ಅದರಲ್ಲಿ ಅವನ ಹಿಂದೆ ಕ್ಯಾಮೆರಾ ಜೋತುಬಿಟ್ಟುಕೊಂಡು ನಾನು ನಡೆಯುತ್ತಿದ್ದೇನೆ. ಎರಡನ್ನೂ ಟೈಮ್‌ಲೈನಿನಲ್ಲಿ ಒಂದರ ಕೆಳಗೊಂದು ಇಟ್ಟೆ. ಹಾರ್ನಿಗೆ ಹಾರ್ನ್ ಕೂತಿತು. ಕಾಗೆಗೆ ಕಾಗೆ ಕೂತಿತು. ದನಿ ಮಾತ್ರ ಕ್ಯಾಮೆರಾದಲ್ಲಿ ಇತ್ತು, ಮೊಬೈಲಿನಲ್ಲಿ ಇರಲಿಲ್ಲ. ಹದಿನೈದು ಹೆಜ್ಜೆ ದೂರದಲ್ಲಿದ್ದ ಎರಡು ಯಂತ್ರಗಳು.

ಮಹಾಂತೇಶನಿಗೆ ಕೇಳಿಸಿದೆ. ಯಾವುದೋ ಸಿಗ್ನಲ್ ಹಿಡಿದಿರಬೇಕು ಎಂದ, ಆ ವಿಷಯ ಅಲ್ಲಿಗೇ ಬಿಟ್ಟ. ಅವನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ನೆಹರು ನಗರದ ಕಡೆ ನಾಟಕ ಆಡುವ ಗೆಳೆಯನೊಬ್ಬನಿದ್ದ, ಮುದುಕರ ದನಿ ತೆಗೆಯುತ್ತಿದ್ದ. ನಮಗೆ ನೆನಪಿದ್ದ ಅಜ್ಜನ ಮಾತುಗಳನ್ನು ಬರೆದು ಅವನಿಂದ ಓದಿಸಿ, ತಿಗರಿಯ ಶಾಟ್‌ಗಳ ಮೇಲೆ ಹಾಕಿದೆವು. "ಆ ಎರಡು ಕೆಮ್ಮು ಅದಾವೆಲ್ಲ, ಅವನ್ನ ನಡುವ ಹಾಕು. ಖರೇ ಅನಸತೈತಿ" ಎಂದ ಮಹಾಂತೇಶ. ಹಾಕಿದವಳು ನಾನು. ಅವನನ್ನು ಎಷ್ಟು ಬೈದರೂ ಆ ಕತ್ತರಿ ನಡೆಸಿದ್ದು ನನ್ನ ಕೈ. ಮಾರ್ಕ್ಸ್ ಬೇಕಿತ್ತು, ವರ್ಷ ಹಾಳಾಗುತ್ತದೆಂಬ ಭಯವಿತ್ತು, ಹಾಕಿದೆ.

ಪ್ರದರ್ಶನ ಕಾಲೇಜಿನ ಸಭಾಂಗಣದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅಜ್ಜನ ಮನೆಯವರು ಬಂದರೆ ನಮ್ಮ ವಿಭಾಗದ ಸರ್‌ಗೆ ಖುಷಿಯಾಗುತ್ತದೆಂದು ಮಹಾಂತೇಶ ಗೌರವ್ವನನ್ನೂ ಕರೆಸಿದ್ದ. ಐವತ್ತರ ಆಸುಪಾಸಿನ ಹೆಂಗಸು, ಇಳಕಲ್ ಸೀರೆ, ಮುಂದಿನ ಸಾಲಿನಲ್ಲಿ ಕುರ್ಚಿಯ ತುದಿಗೆ ಕೂತಿದ್ದರು. ಸಿನಿಮಾ ಮುಗಿದು ಚಪ್ಪಾಳೆ ಬಿತ್ತು. ಸರ್ ಎದ್ದು, ಅಜ್ಜನ ದನಿಯಲ್ಲಿ ಮಣ್ಣಿನ ವಾಸನೆ ಇದೆ ಎಂದರು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಗೌರವ್ವನಿಗೆ ಶಾಲು ಹೊದಿಸಿ ಮೈಕ್ ಕೊಟ್ಟರು. ಆಕೆ ಮೈಕನ್ನು ಸರಿಯಾಗಿ ಹಿಡಿಯಲೂ ಇಲ್ಲ.

"ಕೆಮ್ಮು ನಮ್ಮಪ್ಪಂದು. ಮಾತು ಯಾರದ್ರಿ?"

ಯಾರೋ ನಕ್ಕರು. ಸರ್ ಅರ್ಥವಾಗದೆ ನಮ್ಮ ಕಡೆ ನೋಡಿದರು. ಮಹಾಂತೇಶ ಲ್ಯಾಪ್‌ಟಾಪಿನ ವೈರು ಸುತ್ತುವುದರಲ್ಲಿ ಮುಳುಗಿದ. ಆಕೆ ಶಾಲನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದರು. ನಾನು ಓಡಿಹೋಗಿ ಗೇಟಿನ ಹತ್ತಿರ ಹಿಡಿದೆ. ಎಲ್ಲ ಹೇಳಿದೆ. ಉಲ್ಟಾ ಗುಂಡಿಯ ಕಥೆ, ಡಬ್ಬಿಂಗ್, ನನ್ನ ತಪ್ಪು. ಒಂದು ಕಡೆ ಮಾತ್ರ ದನಿ ಇದೆ, ಹೇಗೆ ಬಂತೋ ಗೊತ್ತಿಲ್ಲ, ಕೇಳಿರಿ ಎಂದು ಎಡಿಟಿಂಗ್ ರೂಮಿಗೆ ಕರೆದುಕೊಂಡು ಬಂದು ಸೆರಗಿನ ಮೇಲೆಯೇ ಹೆಡ್‌ಫೋನ್ ಇಟ್ಟೆ.

ನನಗೆ ಶಬ್ದ ಕೇಳಿಸುತ್ತಿರಲಿಲ್ಲ, ಪರದೆಯ ಮೇಲೆ ದನಿಯ ಗೆರೆ ಓಡುವುದು ಮಾತ್ರ ಕಾಣುತ್ತಿತ್ತು. ಮೊದಲ ಮಾತಿನ ಗೆರೆ ದಾಟಿ ಖಾಲಿ ಜಾಗ ಬಂದಾಗ ಗೌರವ್ವನ ತುಟಿ ಅಲುಗಿತು. "ಬಿಸಲಾಗ ಬಂದೀನಿ, ಸುಮ್ನ ಉಣ್ಣು." ಎರಡನೆಯ ಖಾಲಿ ಜಾಗದಲ್ಲಿ, "ಇನ್ನೊಂದ ತುತ್ತು." ಮೂರನೆಯದರಲ್ಲಿ, "ಒಗ್ಯಾಂಗಿಲ್ಲ ಬಿಡು." ಮುಂದಿನದರಲ್ಲಿ, "ಕಣ್ಣಾಗ ಹೊಗಿ ಹೋಗೇತಿ." ಮಾತು ಮುಗಿಯುವುದಕ್ಕೂ ಅಜ್ಜನ ಗೆರೆ ಏಳುವುದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಎಡಿಟಿಂಗ್ ಮಾಡಿದ ನಾನು ಹೇಳುತ್ತೇನೆ, ಹಾಗೆ ಕೂರಿಸಲು ನನಗೆ ಒಂದು ವಾರ ಬೇಕು.

ಹೆಡ್‌ಫೋನ್ ತೆಗೆದು ಆಕೆ ಕೇಳಿದ್ದು, ಇದು ಯಾವಾಗಿನದು ಎಂದು. ಎರಡನೆಯ ಶನಿವಾರ, ಹನ್ನೆರಡೂವರೆ ದಾಟಿತ್ತು, ಆಗಷ್ಟೇ ಖಾನಾಪುರ ಬಸ್ಸು ಹೋಗಿತ್ತು ಎಂದೆ. ಆಕೆಯ ಮುಖ ನೋಡುನೋಡುತ್ತ ಬದಲಾಯಿತು.

"ಹೊಲದಿಂದ ಬಂದಿದ್ದೆ, ಬಸ್ಸ ಹೋದ ಮ್ಯಾಲೇ ನಾ ಅಪ್ಪಗ ಉಣಸಿದ್ದು. ಬಾಗಲಾ ಹಾಕಿತ್ತು. ಒಳಗ ನಾವಿಬ್ಬರ ಇದ್ವಿ. ಯಾವ ಸಂದ್ಯಾಗ ಮಷೀನ ಇಟ್ಟ ಹೋಗಿದ್ರಿ?"

ಇಲ್ಲ ಅಕ್ಕಾರ ಎಂದೆ. ಆಣೆ ಮಾಡಿದೆ. ಕೆರೆಯ ಚಿತ್ರ ತೋರಿಸಿದೆ, ನನ್ನ ಕಾಲು ತೋರಿಸಿದೆ, ವೈರಿನ ಮೈಕನ್ನು ಚೀಲದಿಂದ ತೆಗೆದು ಮುಂದಿಟ್ಟೆ. ಆಕೆ ಯಾವುದನ್ನೂ ನೋಡಲಿಲ್ಲ.

"ಸಿನಿಮಾಕ್ಕ ಯಾವನದೋ ದನಿ ಹಚ್ಚಿದ್ರಿ. ಖರೇ ದನಿ ಕದ್ದ ಇಟಗೊಂಡ್ರಿ. ಅದು ಅಪ್ಪ ನನಗ ಅಂದ ಮಾತು. ನನಗ ಕೊಡ್ರಿ. ನಿಮ್ಮದ್ರಾಗಿಂದ ನನ್ನ ಕಣ್ಣ ಮುಂದ ಅಳಸ್ರಿ."

ಆಕೆಯ ಗುಂಡಿ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟೆ. ಒಮ್ಮೆ ಅಲ್ಲೇ ಹಚ್ಚಿ, ಕಿವಿಗಿಟ್ಟು, ಇದೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬೆರಳಿನಿಂದ ಕಂಪ್ಯೂಟರ್ ತೋರಿಸಿದರು. ಕಂಪ್ಯೂಟರಿನಿಂದ ಅಳಿಸಿದೆ, ಕ್ಯಾಮೆರಾದ ಕಾರ್ಡಿನಿಂದಲೂ ಅಳಿಸಿದೆ. ಎಲ್ಲ ಹೋಯಿತೇನು ಎಂದು ಎರಡು ಸಲ ಕೇಳಿ ಎದ್ದು ಹೋದರು.

ನಮಗೆ ಒಳ್ಳೆಯ ಮಾರ್ಕ್ಸೇ ಬಂತು. ಈಗ ಎಡಿಟಿಂಗೇ ನನ್ನ ಹೊಟ್ಟೆಪಾಡು. ಈ ಕಥೆ ಕೇಳಿದ ನಮ್ಮ ಕಸುಬಿನವರು ಏನೇನೋ ಕಾರಣ ಕೊಡುತ್ತಾರೆ. ಒಂದೊಂದನ್ನೂ ನಾನು ಅವರಿಗಿಂತ ಮೊದಲೇ ಯೋಚಿಸಿ, ಪರೀಕ್ಷಿಸಿ ಬಿಟ್ಟಿದ್ದೇನೆ. ನನಗೆ ಉರಿಯುವುದು ಬೇರೆಯದಕ್ಕೆ. ಒಂದು ತಾಸು ಆ ಮನುಷ್ಯ ನನ್ನ ಕ್ಯಾಮೆರಾದ ಮುಂದೆ, ನನಗಾಗಿ ಮಾತಾಡಿದ್ದು ಬರಲಿಲ್ಲ. ನನಗೆ ಹೇಳದ ನಾಲ್ಕು ಮಾತು, ನಾನು ಕೇಳಬಾರದಿದ್ದ ಮಾತು, ಬಂತು.

ಆಮೇಲೆ ಎರಡು ಸಲ ಬೀಡಿಗೆ ಹೋದೆ. ಮೊದಲ ಸಲ ಗೌರವ್ವ ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು. ಎರಡನೆಯ ಸಲ ಹೊಸ್ತಿಲಲ್ಲೇ ನಿಲ್ಲಿಸಿ, ಒಂದೇ ಮಾತು ಕೇಳಿದರು: "ಈಗರ ಖರೇ ಹೇಳು ಯವ್ವಾ, ಎಲ್ಲಿಟ್ಟಿದ್ದಿ?" ದಾರಿಯುದ್ದಕ್ಕೂ ಉತ್ತರ ಯೋಚಿಸಿಕೊಂಡೇ ಹೋಗಿದ್ದೆ. ಹೊಸ್ತಿಲಲ್ಲಿ, ಎಲ್ಲೂ ಇಟ್ಟಿರಲಿಲ್ಲ ಅಕ್ಕಾರ ಎಂದು ಮತ್ತೆ ಅದನ್ನೇ ಹೇಳಿದೆ. ಸುಳ್ಳಾದರೂ ಒಂದು ಜಾಗ ಹೇಳಿದ್ದರೆ, ಗೋಡೆಯ ಮಾಡದಲ್ಲಿ, ಮಂಚದ ಕೆಳಗೆ ಎಂದಿದ್ದರೆ, ಆಕೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದರೇನೋ. ಅದನ್ನು ಹೇಳಲಾಗಲಿಲ್ಲ. ಆಕೆ ನನ್ನನ್ನು ಕಳ್ಳಿಯನ್ನು ನೋಡಿದಂತೆ ನೋಡಿ, ಒಳಗೆ ಹೋದರು.