ಚಿಕ್ಕಪ್ಪನ ಮೋಟರೂ ನಾನು ಬಾವಿಗೆ ಬಿದ್ದದ್ದೂ

ಸ್ನೇಹಿತರೇ, ಇವತ್ತು ಕೊಂಡ್ಲಹಳ್ಳಿಯಲ್ಲಿ ಚಿಕ್ಕಪ್ಪನ ಹೊಲದ ಬಾವಿಗೆ ಇಳಿದಿದ್ದೆ. ಹಗ್ಗ ಹರಿದು ಅವರ ಮೋಟರು ಮುಳುಗಿತ್ತು.

ಬೆಂಗಳೂರಿನ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದ ನಾನು ಕೆಲಸ ಬಿಟ್ಟು, ಸ್ಕೂಬಾ ಡೈವಿಂಗ್ ಕಲಿಸಲು ಥಾಯ್ಲೆಂಡಿಗೆ ಹೋದಾಗ, "ಅರೆಬಟ್ಟೆ ಕೆಲ್ಸ" ಎಂದು ನೆಂಟರಿಗೆಲ್ಲ ಹೇಳಿ ಮಾತು ಬಿಟ್ಟವರು ಇವರು. ಬೆಳಿಗ್ಗೆ ತಾವೇ ಫೋನ್ ಮಾಡಿದರು. "ರಜಕ್ಕೆ ಬಂದೀಯಂತೆ. ನೀರಾಗೆ ಮುಳುಗೋದೇ ನಿನ್ ಕೆಲ್ಸ ಅಲ್ವೇನವ್ವಾ, ಮೋಟರಿಗೆ ಒಂದು ಹಗ್ಗ ಕಟ್ಟಿಕೊಡು."

ಮೂರಾಳು ನೀರು. ಉಸಿರು ಬಿಗಿಹಿಡಿದು ಮುಳುಗಿ, ಕೆಸರಿನಲ್ಲಿ ತಡಕಾಡಿ ಹಗ್ಗ ಕಟ್ಟಿದೆ. ಮೋಟರು ಮೇಲೆ ಬಂತು. ಅದರ ಹಿಂದೆ ನಾನು, ಚೂಡಿದಾರದಿಂದ ನೀರು ಸುರಿಸುತ್ತಾ ಮೆಟ್ಟಿಲು ಹತ್ತಿದೆ. ಅಷ್ಟರಲ್ಲಿ ಚಿಕ್ಕಪ್ಪನ ಮಗಳನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು, ಹೊಲ ನೋಡುವ ನೆಪದಲ್ಲಿ ಬಾವಿಯ ಹತ್ತಿರವೇ ನಿಂತಿದ್ದರು.

"ಈಕೆ ಯಾರ್ರೀ?" ಎಂದರು ಗಂಡಿನ ತಾಯಿ.

"ನಮ್ಮಣ್ಣನ ಮಗಳು. ಬೆಂಗ್ಳೂರಾಗೆ ದೊಡ್ಡ ಕಂಪ್ನೀಲಿ ಮ್ಯಾನೇಜರ್ ಅದಾಳೆ," ಎಂದರು ಚಿಕ್ಕಪ್ಪ. ಅಷ್ಟಕ್ಕೇ ಬಿಡಲಿಲ್ಲ. "ಪಾಪ, ಬಾವಿಗೆ ಬಿದ್ದುಬಿಟ್ಟಿದ್ಲು. ಈಗ ತೆಗೆದ್ವಿ."

ನನ್ನ ಮೈ ಒದ್ದೆಯಾದದ್ದಕ್ಕೆ ಚಿಕ್ಕಪ್ಪನಿಗೆ ಸಿಕ್ಕ ಮರ್ಯಾದಸ್ಥ ಕಾರಣ ಅದೊಂದೇ.

ಆ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ಸೆರಗಿನಿಂದ ಮುಖ ಒರೆಸಿ ಮೆಲ್ಲಗೆ ಕೇಳಿದರು, "ಸಾಯೋವಂಥದ್ದು ಏನಾತವ್ವಾ? ನಿಮ್ ಚಿಕ್ಕಪ್ಪ ಏನಾರ ಅಂದ್ರಾ?"

"ಬಾಳ ಅಂದಾರ್ರೀ," ಎಂದೆ.

ಇವತ್ತು ಆ ಬಾವಿಯ ಹತ್ತಿರ ನಿಜ ಹೇಳಿದವಳು ನಾನೊಬ್ಬಳೇ.