ಕೊಮರಯ್ಯ ಬನಿಯನ್ ಎತ್ತಿದ ದಿನ

ಬೊಲ್ಲಾರದ ಒಂದು ಔಷಧ ಕಾರ್ಖಾನೆಯಲ್ಲಿ ಕೊಮರಯ್ಯನದು ಫಿಲ್ಟರ್ ಖಾಲಿ ಮಾಡುವ ಕೆಲಸ. ಮೊದಲೆಲ್ಲ ಮುಖಕ್ಕೊಂದು ಬಟ್ಟೆ ಕಟ್ಟಿಕೊಂಡು, ಫಿಲ್ಟರಿನ ಬಾಗಿಲು ತೆರೆದು, ಒಣಗಿದ ಬಿಳಿ ಪುಡಿಯನ್ನು ಸಲಿಕೆಯಿಂದ ಡ್ರಮ್ಮಿಗೆ ಎಳೆಯುತ್ತಿದ್ದ. ಅದು ಹೆಂಗಸರ ಮಾತ್ರೆಗೆ ಹೋಗುವ ಹಾರ್ಮೋನು. ನಾಲ್ಕು ವರ್ಷದ ಹಿಂದೆ ಅವನ ಎದೆ ಎರಡೂ ಕಡೆ ಊದತೊಡಗಿತು, ಮುಟ್ಟಿದರೆ ನೋವು. ಬೇಸಿಗೆಯಲ್ಲೂ ದಪ್ಪ ಅಂಗಿ ತೊಟ್ಟ. ಗೆಳೆಯರ ಜೊತೆ ಕಳ್ಳು ಕುಡಿಯಲು ಕೂರುವುದನ್ನು ಬಿಟ್ಟ. ಹೆಂಡತಿ ಲಚ್ಚವ್ವನ ಹೊರತು ಯಾರಿಗೂ ಹೇಳಲಿಲ್ಲ.

ಆಮೇಲೆ ಗಾಜಿನ ಪೆಟ್ಟಿಗೆ ಬಂತು. ಫಿಲ್ಟರಿನ ಬಾಗಿಲಿಗೇ ಬಿಗಿದದ್ದು. ಅದಕ್ಕೆ ಜೋಡಿಸಿದ ಉದ್ದನೆಯ ರಬ್ಬರ್ ಕೈಗವಸುಗಳಲ್ಲಿ ಕೈ ತೂರಿಸಿ, ಹೊರಗೆ ನಿಂತೇ ಪುಡಿ ಕೆರೆಯಬೇಕು. ಕೆಳಗಿನ ಪ್ಲಾಸ್ಟಿಕ್ ಚೀಲ ತುಂಬಿದಾಗ, ಪುಡಿ ಹೊರಬೀಳದಂತೆ ಅದರ ಕತ್ತನ್ನು ಎರಡು ಕಡೆ ಬಿಗಿದು, ನಡುವೆ ಕತ್ತರಿಸಬೇಕು. ಒಂದು ತಾಸಿನ ಕೆಲಸ ನಾಲ್ಕು ತಾಸಾಯಿತು. ಸಂಜೆಗೆ ಭುಜ ಬಿದ್ದುಹೋಗುತ್ತಿತ್ತು.

ಒಂದು ಮಧ್ಯಾಹ್ನ ಅರ್ಧ ಪುಡಿ ಇಳಿದಿತ್ತು. ಎಡಗೈ ಹೊರತೆಗೆದರೆ ಮಣಿಕಟ್ಟಿನ ಮೇಲೆ ಬಿಳಿ ಗೆರೆ. ಕೈಗವಸು ಸೂಜಿಮೊನೆಯಷ್ಟು ಹರಿದಿತ್ತು. ಅದರ ಬಾಯಿಗೆ ಮುಚ್ಚಳ ಬಿಗಿದು, ಕೈ ತೊಳೆದು, ಕೊಮರಯ್ಯ ಕೆಲಸ ನಿಲ್ಲಿಸಿದ.

ಮೇಲ್ವಿಚಾರಕ ವಿದ್ಯಾಸಾಗರ್ ಓಡಿಬಂದ. "ಅಷ್ಟಕ್ಕೇ ನಿಲ್ಸಿಬಿಟ್ಯಾ ಕೊಮರಣ್ಣಾ? ಒಳಗೆ ಇನ್ನೊಂದು ಗ್ಲೌಸ್ ಹಾಕ್ಕೊಂಡು ಮುಗಿಸು. ಲಾರಿ ಕಾಯ್ತಾ ಇದೆ."

"ಆಗಲ್ಲ ಸಾರ್."

"ವರ್ಷಗಟ್ಲೆ ಸಲಿಕೇಲಿ ಗೋರಿದೋನು, ಈಗ ಹೊಸ ಮದುಮಗನ ಥರ ಆಡ್ತೀಯಲ್ಲ!"

ಕೊಮರಯ್ಯನಿಗೆ ಜಗಳವಾಡಲೂ ತ್ರಾಣವಿರಲಿಲ್ಲ. "ಬನ್ನಿ" ಎಂದು ಬಟ್ಟೆ ಬದಲಿಸುವ ಕೋಣೆಗೆ ಕರೆದೊಯ್ದ. ಗುಂಡಿ ಬಿಚ್ಚಿ ಬನಿಯನ್ ಎತ್ತಿದ.

ವಿದ್ಯಾಸಾಗರ್ ನೋಡಿದ. ಹಿಂದೆ ಸರಿದು ಬಾಗಿಲ ಚಿಲಕ ಹಾಕಿದ.

"ಯಾವಾಗಿಂದ ಅಣ್ಣಾ?"

"ನಾಕು ವರ್ಷ. ಪೆಟ್ಟಿಗೆ ಬಂದ್ಮೇಲೆ ಸ್ವಲ್ಪ ಇಳಿದಿದೆ. ಅದಕ್ಕೇ ಹೇಳ್ತಿರೋದು."

"ಡಾಕ್ಟ್ರಿಗೆ ಯಾಕೆ ತೋರಿಸ್ಲಿಲ್ಲ?"

"ಏನಂತ ತೋರಿಸ್ಲಿ ಸಾರ್? ಮಾರನೇ ದಿನಾನೇ ಎಲ್ರೂ ನನ್ನ ಅಕ್ಕಾ ಅಂತ ಕರೀತಾರೆ."

ಲಾರಿ ಖಾಲಿ ಹೋಯಿತು. ಹೊಸ ಕೈಗವಸು ಬಂದು, ಗಾಳಿ ತುಂಬಿ ಪರೀಕ್ಷಿಸಿ ಕೂರಿಸುವಷ್ಟರಲ್ಲಿ ಮರುದಿನ ಸಂಜೆಯಾಗಿತ್ತು. ಮ್ಯಾನೇಜರನ ಬೈಗುಳವನ್ನೆಲ್ಲ ವಿದ್ಯಾಸಾಗರನೇ ತಿಂದ. ಎರಡು ದಿನ ಕೊಮರಯ್ಯನ ಮುಖ ನೋಡಲಿಲ್ಲ. ಮೂರನೆಯ ದಿನ ತನ್ನ ಬೈಕಿನಲ್ಲೇ ಆಸ್ಪತ್ರೆಗೆ ಕರೆದೊಯ್ದ. ಉಳಿದ ಊತ ತಾನಾಗಿ ಹೋಗುವುದು ಕಷ್ಟ, ಕೊಯ್ದು ತೆಗೆಯಬೇಕು ಎಂದರು ಡಾಕ್ಟರು. ಕೊಮರಯ್ಯ ಇರಲಿ ಬಿಡಿ ಎಂದ.

"ಬೇರೆ ಕೆಲ್ಸ ಕೇಳಬಾರ್ದಿತ್ತಾ?" ಎಂದಳು ಆ ರಾತ್ರಿ ಲಚ್ಚವ್ವ, ತಟ್ಟೆಗೆ ಜೋಳದ ರೊಟ್ಟಿ ಹಾಕುತ್ತಾ.

"ಕೇಳ್ದೆ. ಆ ಪೆಟ್ಟಿಗೇಲಿ ಕೈ ಪಳಗಿರೋನು ನಾನೊಬ್ನೇ ಅಂತೆ."

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಅವನು ಗೋಡೆಗೊರಗಿ ಉಂಡು, ಕೂತಲ್ಲೇ ನಿದ್ದೆಹೋದ.